ಅಂಡಮಾನಿಗೆ ವರ್ಗ ಆಯ್ತೇನ್ರಿ? ಸೇಡಂ ಅಕ್ಕೋರ ನಾಲ್ಕು ಮಾತು

ಹೋದ ವಾರ ಅಫಜಲಪುರ ಕಡೆಯ ಒಬ್ಬ ಹುಡುಗಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಬ್ಯಾಂಕಿನ ಕೆಲಸ, ಪೋರ್ಟ್ ಬ್ಲೇರಿಗೆ ವರ್ಗವಾಗಿದೆ. ಕೂತು ನೀರು ಕುಡಿಯುವ ಮೊದಲೇ ಕೇಳಿದಳು: "ಅಕ್ಕೋರೇ, ಅಲ್ಲಿ ಜೋಳದ ಹಿಟ್ಟು ಸಿಗ್ತದೇನ್ರಿ?" ಅದರ ಬೆನ್ನಿಗೇ, "ಎಷ್ಟು ವರ್ಷಕ್ಕ ವಾಪಸ್ ಬರಲಕ್ಕ ಬರ್ತದ್ರಿ?"

ಹಿಟ್ಟಿನ ಮಾತು ಆಮೇಲೆ ಆಡೋಣ. ಎರಡನೆಯ ಪ್ರಶ್ನೆಯನ್ನು ಮಾತ್ರ ಕಲಬುರಗಿ ಸ್ಟೇಷನ್‌ನಲ್ಲೇ ಬಿಟ್ಟು ರೈಲು ಹತ್ತಬೇಕು ಎಂದು ಅವಳಿಗೆ ಹೇಳಿದೆ. ಯಾಕೆಂದು ತಿಳಿಸಿ ಹೇಳುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಹಾಗೆ ವರ್ಗವಾಗಿ ಹೋಗುವವರು ನಮ್ಮ ಕಡೆ ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಇರುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಕೇಂದ್ರ ಸರಕಾರದ ಶಾಲೆಯ ಮಾಸ್ತರಿಣಿಯಾಗಿ 2016ರಿಂದ 2021ರ ತನಕ ಅಲ್ಲಿದ್ದೆ. 2024ರಲ್ಲಿ ಊರಿನ ಹೆಸರು ಶ್ರೀ ವಿಜಯ ಪುರಂ ಆಯಿತು. ನನ್ನ ಬಾಯಿಗೆ ಇನ್ನೂ ಹಳೆಯ ಹೆಸರೇ ಬರುತ್ತದೆ.

ಮನೆ ಹಿಡಿದು ಸಾಮಾನು ಇಳಿಸುವಾಗಲೇ ಎದುರು ಮನೆಯ ಬಂಗಾಳಿ ಮಾಸಿ ಬಂದು ನಿಂತು ಕೇಳಿದ್ದು ಹೆಸರಲ್ಲ, ಊರಲ್ಲ. "ಕಿತ್‌ನೇ ಸಾಲ್ ಕಾ ಪೋಸ್ಟಿಂಗ್?" ನಾನು ಜಾಣೆಯಂತೆ, "ಮೂರೇ ವರ್ಷ ಮಾಸಿ, ಆಮೇಲೆ ಹೋಗ್ತೀನಿ" ಅಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಎರಡು ತಿಂಗಳು ಆ ಬಾಗಿಲು ನನ್ನ ಕಡೆ ತೆರೆಯಲಿಲ್ಲ. ತಪ್ಪು ಅವರದಲ್ಲ. ಆ ಓಣಿಯ ಮಂದಿ ನನ್ನಂಥ ಎಷ್ಟೋ ಮಂದಿಯನ್ನು ಕಂಡಿದ್ದಾರೆ. ಬರುತ್ತಾರೆ, ಬಂದ ದಿನದಿಂದ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಾರೆ, ಪ್ಲಾಸ್ಟಿಕ್ ಕುರ್ಚಿ ಮಾರಿ ಹೋಗುತ್ತಾರೆ. ಅಂಥವರ ಹತ್ತಿರ ಯಾರು ತಾನೇ ನೆಂಟಸ್ತನ ಬೆಳೆಸುತ್ತಾರೆ? ಆ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಸುಳ್ಳು ಹೇಳಬೇಕಿಲ್ಲ, "ಸರಕಾರ ಇಟ್ಟಷ್ಟು ದಿನ" ಅನ್ನಿ. ಮೊದಲ ವಾರವೇ ಹಳೆಯ ಬಕೆಟ್ಟಿನಲ್ಲಿ ಒಂದು ಕರಿಬೇವಿನ ಸಸಿ ನೆಟ್ಟು ಬಾಗಿಲ ಮುಂದೆ ಇಡಿ. ಗಿಡ ನೆಟ್ಟವರು ನಾಳೆಯೇ ಹೋಗುವವರಲ್ಲ ಎಂದು ನೋಡುವವರಿಗೆ ಅಷ್ಟಾದರೂ ಗೊತ್ತಾಗುತ್ತದೆ.

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ: "ಇಂಡಿಯಾಕ್ಕೆ ಹೋಗಿ ಬರ್ತೀನಿ". ಹೊಸದಾಗಿ ಹೋದವರು ಎಷ್ಟು ಸಲೀಸಾಗಿ ಅನ್ನುತ್ತಾರೆ ಅದನ್ನು! ಚೆನ್ನೈಗೆ ಸುಮಾರು 1200 ಕಿಲೋಮೀಟರ್ ಸಮುದ್ರ ಇದೆ, ನಿಜ. ಹಾಗಂತ ಅದು ಬೇರೆ ದೇಶವಲ್ಲ. ಅಲ್ಲಿಯವರು ಅನ್ನುವುದು "ಮೇನ್‌ಲ್ಯಾಂಡ್". ನೀವೂ ಹಾಗೇ ಅನ್ನಿ.

ಭಾಷೆಯ ಚಿಂತೆ ನಮ್ಮ ಕಡೆಯವರಿಗೆ ಬೇಡವೇ ಬೇಡ. ಅಲ್ಲಿ ಮನೆಮಾತಾಗಿ ಬಂಗಾಳಿ ಆಡುವವರು ಎಲ್ಲರಿಗಿಂತ ಹೆಚ್ಚು, ಜೊತೆಗೆ ತಮಿಳು, ತೆಲುಗು, ಮಲಯಾಳಂ, ನಿಕೋಬಾರಿ, ಛೋಟಾ ನಾಗಪುರದಿಂದ ಕಾಡು ಕಡಿಯುವ ಕೆಲಸಕ್ಕೆ ಬಂದು ನಿಂತ 'ರಾಂಚಿ' ಮಂದಿಯ ಭಾಷೆಗಳು. ಬೀದಿಗೆ ಇಳಿದರೆ ಎಲ್ಲರದೂ ಹಿಂದಿಯೇ. ಆ ಹಿಂದಿಗೆ ಲಿಂಗದ ಹಂಗು ಅಷ್ಟಾಗಿ ಇಲ್ಲ, ನಮ್ಮ ಕಡೆಯ ದಖನಿ ಉರ್ದುವಿಗೆ ಇಲ್ಲದ ಹಾಗೆ. ಬಂದೇ ನವಾಜ್ ದರ್ಗಾದ ಬಜಾರಿನಲ್ಲಿ ಚೌಕಾಸಿ ಮಾಡಿ ಬೆಳೆದ ಬಾಯಿಗೆ ಅದು ಹದಿನೈದು ದಿನದಲ್ಲಿ ಒಗ್ಗುತ್ತದೆ. ಒಂದೇ ಎಚ್ಚರ: 'ನಕ್ಕೋ'. ಜಂಗ್ಲಿಘಾಟ್ ಮೀನು ಮಾರ್ಕೆಟ್ಟಿನ ಹತ್ತಿರ ಒಬ್ಬಾಕೆ ತೂಕ ಹಾಕುವಾಗ ಇಷ್ಟು ಬೇಡ ಅನ್ನಲು ನಾನು "ಇತ್ತಾ ನಕ್ಕೋ" ಅಂದೆ. ಆಕೆ ಇನ್ನೊಂದು ಹಿಡಿ ಹಾಕಿದಳು. ಮತ್ತೆ "ನಕ್ಕೋ, ನಕ್ಕೋ" ಅಂದೆ, ಮತ್ತೆರಡು ಬಿತ್ತು. ಕೊನೆಗೆ ಪಕ್ಕದವಳಿಗೆ ತೆಲುಗಿನಲ್ಲಿ "ಈಕೆಗೆ ಏನು ಬೇಕಂತೆ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಸೇಡಂನವಳಿಗೆ ತೆಲುಗು ಬಾರದಿದ್ದರೆ ಆದೀತೇ! ಬಾಯಿ ತೆರೆದದ್ದೇ ತಡ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವರದು ಶ್ರೀಕಾಕುಳಂ ಕರಾವಳಿಯ ತೆಲುಗು, ನನ್ನದು ತಾಂಡೂರ್ ಗಡಿಯದು. ಅವರ ಪಾಲಿಗೆ ನಾನು ಅವತ್ತಿನಿಂದ 'ನಕ್ಕೋ ಟೀಚರ್'. ಅಡ್ಡ ಹೆಸರು ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಹೆಸರಿಟ್ಟರು ಅಂದರೆ ಲೆಕ್ಕಕ್ಕೆ ತೆಗೆದುಕೊಂಡರು ಅಂತ ಅರ್ಥ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಅಲ್ಲಿಗೆ ಹೋದ ಮೇಲಿನ ಎರಡನೇ ಭಾನುವಾರ ಸೆಲ್ಯುಲರ್ ಜೈಲು ನೋಡಿಕೊಂಡು ಬಂದಿದ್ದೆ. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದ ಕಟ್ಟಡ. ಗಾಣ, ಗಲ್ಲುಗಂಬ ಎಲ್ಲ ನೋಡಿ ಎದೆ ಭಾರವಾಗಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ ಎದುರು ಕೂತ ಹಿರಿಯ ಮಾಸ್ತರರು ತಮ್ಮದು 'ಪ್ರೀ-ಫಾರ್ಟಿಟೂ' ಮನೆತನ ಅಂದರು. 1942ರ ಮಾರ್ಚಿನಲ್ಲಿ ಜಪಾನಿನವರು ದ್ವೀಪ ಹಿಡಿದರಲ್ಲ, ಅದಕ್ಕೂ ಮೊದಲೇ ನೆಲೆ ನಿಂತವರು. 1858ರಿಂದ ಬ್ರಿಟಿಷರು ಕೈದಿಗಳನ್ನು ತಂದು ಇಳಿಸಿದರು. ಶಿಕ್ಷೆಯ ಕೆಲವು ವರ್ಷ ಕಳೆದವರಿಗೆ ನೆಲ ಕೊಟ್ಟು, ಮದುವೆಗೆ ಪರವಾನಗಿ ಕೊಟ್ಟು ಅಲ್ಲೇ ಉಳಿಸಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳೇ ಈ ಮಂದಿ. ನಾನು ಬಿಸ್ಕತ್ತು ಕಡಿಯುತ್ತ ಕೇಳಿಬಿಟ್ಟೆ: "ಹಂಗಾರ ಸರ್, ನಿಮ್ಮ ಮುತ್ತಜ್ಜಂದು ಏನ್ ಕೇಸು?"

ಅವರು ನಕ್ಕರು. ಆಮೇಲೆ ನಾಲ್ಕು ದಿನ ನನ್ನ ಮೇಜಿಗೆ ಚಹಾಕ್ಕೆ ಬರಲಿಲ್ಲ.

ಹೊಸಬರ ಹತ್ತಿರ ಮೊದಲೇ "ನೀವು ಯಾವ ಮಂದಿ?" ಎಂದು ಕೇಳುವುದು ನಮ್ಮೂರಲ್ಲಿ ನಡೆದುಬಂದ ಚಾಳಿ. ಇಲ್ಲಿಯೂ ಅದು ಎಲ್ಲರಿಗೂ ಹಿತವಲ್ಲ, ಆದರೂ ಕೇಳುತ್ತೇವೆ. ಅಲ್ಲಿ ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಮುಂದೆ ಮಾಸ್ತರರು ತಾವಾಗಿಯೇ ಹೇಳಿದರು: ಮುತ್ತಜ್ಜ ಪಂಜಾಬಿನ ಕಡೆಯವನು, ಮುತ್ತಜ್ಜಿ ಮದ್ರಾಸಿನ ಕಡೆಯವಳು, ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಜಗಳ ಆಡಲಿಕ್ಕಾದರೂ ಒಂದು ಭಾಷೆ ಬೇಕಲ್ಲ ಎಂದು ಇಬ್ಬರೂ ಹಿಂದಿ ಕಲಿತರಂತೆ. ಜಾತಿ ಯಾವುದು ಎಂದು ಹುಡುಕಲು ಯಾರ ಹತ್ತಿರವೂ ಪುರಾವೆ ಇಲ್ಲ, ಬೇಕಾಗಿಯೂ ಇಲ್ಲ. ನನ್ನ ಕ್ಲಾಸಿನ ಹಾಜರಿ ಪುಸ್ತಕದ 'ಮಾತೃಭಾಷೆ' ಕಾಲಂ ತುಂಬುವಾಗ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ನಾನಿ ಬಂಗಾಳಿ, ದಾದಾ ತಮಿಳು, ಮಮ್ಮಿ ಪಪ್ಪಾ ಹಿಂದಿ, ಏನು ಬರೀಬೇಕು?" ಅಂದ. ನಾನು ಪೆನ್ಸಿಲ್ಲಿನಲ್ಲಿ ಹಿಂದಿ ಎಂದು ಬರೆದೆ. ಪೆನ್ನಿನಲ್ಲಿ ಬರೆಯಲು ಧೈರ್ಯ ಸಾಲಲಿಲ್ಲ.

ಹಾಗಾಗಿ ಮನೆತನ ಕೇಳಬೇಡಿ, ಊರು ಕೇಳಿ. ಊರಿನ ಹೆಸರೇ ಅರ್ಧ ಕತೆ ಹೇಳುತ್ತದೆ. ದಕ್ಷಿಣ ಅಂಡಮಾನಿನಲ್ಲಿ ವಂಡೂರ್, ಮಂಜೇರಿ, ಕ್ಯಾಲಿಕಟ್ ಎಂಬ ಹಳ್ಳಿಗಳಿವೆ. 1921ರ ಮಲಬಾರ್ ದಂಗೆಯ ಮೇಲೆ ಗಡಿಪಾರಾಗಿ ಬಂದ ಮಾಪಿಳ್ಳೆಗಳು, ಅಂದರೆ ಮಲಬಾರಿನ ಮುಸಲ್ಮಾನರು, ತಮ್ಮೂರಿನ ಹೆಸರನ್ನು ಹೊತ್ತು ತಂದು ಇಟ್ಟದ್ದು. ಮಾಯಾಬಂದರ್ ಕಡೆಯ ಕರೆನ್ ಜನ 1925ರಲ್ಲಿ ಬರ್ಮಾದಿಂದ ಬಂದವರು. ಬಂಗಾಳಿಗಳಲ್ಲಿ ಬಹಳ ಮಂದಿ ದೇಶ ಒಡೆದ ಮೇಲೆ ಪೂರ್ವ ಬಂಗಾಳ ಬಿಟ್ಟು ಬಂದು ಕಾಡು ಕಡಿದು ಗದ್ದೆ ಮಾಡಿದವರು. "ನಿಮ್ಮ ಹಳ್ಳಿ ಯಾವುದು, ಅಲ್ಲಿ ಏನು ಬೆಳೀತೀರಿ" ಎಂದು ಕೇಳಿ ನೋಡಿ, ಮಾತು ತಾನೇ ಹರಿಯುತ್ತದೆ.

ಇಂಥ ಮಾತಿನ ನಡುವೆ ಒಂದು ಸಿಟ್ಟೂ ಹೊರಗೆ ಬರುತ್ತದೆ, ಮೇನ್‌ಲ್ಯಾಂಡಿನವರು ಬಂದು ನೌಕರಿ ತಿಂದರು ಅಂತ. ವಾದಕ್ಕೆ ಇಳಿಯಬೇಡಿ. ಸಂವಿಧಾನದಲ್ಲಿ 371 (ಜೆ) ಬರುವ ಮುಂಚೆ ನಾವೇನು ಮಾತಾಡುತ್ತಿದ್ದೆವು? ಇದೇ ಮಾತು ತಾನೇ! ನಾನು ಅದನ್ನೇ ಸ್ಟಾಫ್ ರೂಮಿನಲ್ಲಿ ಬಿಡಿಸಿ ಹೇಳಿದೆ: ನಮ್ಮ ಭಾಗಕ್ಕೆ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಬಂದದ್ದು 2013ರ ಹೊತ್ತಿಗೆ, ಅದಕ್ಕೆ ಎಷ್ಟು ವರ್ಷ ಕೂಗಿದೆವು ಅಂತ. ಅವತ್ತಿನಿಂದ ಅವರ ದೂರು ನನ್ನ ಮುಂದೆ ಸಲೀಸಾಯಿತು.

ಹೊತ್ತಿನ ಲೆಕ್ಕ ಬೇಗ ಹಿಡಿಯಿರಿ. ಗಡಿಯಾರ ಒಂದೇ ಆದರೂ ಪೋರ್ಟ್ ಬ್ಲೇರ್ ನಮಗಿಂತ ಪೂರ್ವಕ್ಕೆ ಬಹಳ ದೂರ. ಸೂರ್ಯ ಇಲ್ಲಿಗಿಂತ ಹೆಚ್ಚುಕಡಿಮೆ ಒಂದು ತಾಸು ಮೊದಲೇ ಏಳುತ್ತಾನೆ, ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲು, ಜೂನಿನಲ್ಲಿ ಮುಂಜಾನೆ ಐದಕ್ಕೆ ಬೆಳಕು. ನಮ್ಮ ಹತ್ತು ಗಂಟೆಯ ಊಟ ಅಲ್ಲಿ ಸಾಗದು. ಶರಣಬಸವೇಶ್ವರ ಜಾತ್ರೆಯ ಪ್ರಸಾದ ಊರಿಂದ ಬಂದಿತ್ತು ಎಂದು ರಾತ್ರಿ ಎಂಟೂವರೆಗೆ ಒಂದು ಮನೆಯ ಬಾಗಿಲು ಬಡಿದೆ. ಮನೆಯವರೆಲ್ಲ ಮಲಗಿದ್ದರು. ಯಜಮಾನರು ಬ್ಯಾಟರಿ ಹಿಡಿದು ಗಾಬರಿಯಿಂದ ಬಂದು "ಯಾರಿಗೇನಾಯ್ತು?" ಎಂದು ಕೇಳಿದರು. ಕೈಯಲ್ಲಿದ್ದ ಬತ್ತಾಸು ತೋರಿಸುವಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಂಡು ಬರುವುದೇನಿದ್ದರೂ ಸಂಜೆ ಏಳರೊಳಗೆ ಮುಗಿಸಿ.

ನನ್ನನ್ನು ಅವರೊಳಗೆ ಸೇರಿಸಿದ್ದು ಮಾತಲ್ಲ, ನೀರು. ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರದು, ಕಲಬುರಗಿಯ ನಾಲ್ಕು ಪಟ್ಟು. ಆದರೂ ಜನವರಿ ಕಳೆಯಿತೆಂದರೆ ನೀರಿಗೆ ಬರ. ಗುಡ್ಡದ ನೆಲ, ಬಿದ್ದದ್ದೆಲ್ಲ ಸಮುದ್ರಕ್ಕೆ ಓಡುತ್ತದೆ. ಊರಿಗೆಲ್ಲ ಧನಿಖಾರಿ ಅಣೆಕಟ್ಟೆಯ ನೀರೇ ಆಸರೆ. ಬೇಸಿಗೆಯಲ್ಲಿ ನಮ್ಮ ಓಣಿಗೆ ಎರಡು ಮೂರು ದಿನಕ್ಕೊಮ್ಮೆ ನಲ್ಲಿ ಬರುತ್ತಿತ್ತು, ಅದೂ ನಸುಕಿನಲ್ಲಿ. ನಲ್ಲಿ ಬರುವ ಮುಂಚೆ ಪೈಪಿನೊಳಗೆ ಗಾಳಿ ಕೆಮ್ಮುವ ಸಪ್ಪಳ ಇದೆಯಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ನಿದ್ದೆಯಲ್ಲೂ ಕೇಳುತ್ತದೆ. ನಾನು ಎದ್ದು, ಕೊಡ, ಬಕೆಟ್, ಕುಕ್ಕರ್, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಟ್ಟು ನೋಡಿದರೆ ಎದುರು ಮಾಸಿಯ ಡ್ರಮ್ಮು ಖಾಲಿ. ಅವರಿಗೆ ಜ್ವರ ಎಂದು ಹಿಂದಿನ ದಿನ ಕೇಳಿದ್ದೆ. ನಮ್ಮ ಪೈಪನ್ನೇ ಎಳೆದು ಅವರ ಡ್ರಮ್ಮು ತುಂಬಿ, ಮುಚ್ಚಳ ಹಾಕಿ, ಸಪ್ಪಳ ಮಾಡದೆ ಬಂದು ಮಲಗಿದೆ. ಬೆಳಗ್ಗೆ ಏಳಕ್ಕೆ ಆ ಬಾಗಿಲು ತೆರೆಯಿತು. ಮಾಸಿ ಒಂದು ಬಟ್ಟಲು ಖಿಚುಡಿ ತಂದು ಕೈಗಿಟ್ಟು ಅಂದದ್ದು ಇಷ್ಟೇ: "ತುಮ್‌ಕೋ ಪಾನಿ ಭರ್‌ನಾ ಆತಾ ಹೈ." ನಿನಗೆ ನೀರು ತುಂಬಲು ಬರುತ್ತದೆ! ಪಿಎಚ್‌ಡಿ ಕೊಟ್ಟರೂ ಅಷ್ಟು ಖುಷಿ ಆಗುತ್ತಿರಲಿಲ್ಲ. ಆಮೇಲೆ ನಲ್ಲಿ ಬಂದಾಗ ಓಣಿಗೆಲ್ಲ ಕೂಗುವ ಕೆಲಸ ನನ್ನದೇ ಆಯಿತು.

ಬಟ್ಟಲು ಖಾಲಿ ಹಿಂದಿರುಗಿಸಬಾರದು, ಅದು ಇಲ್ಲಿಯಂತೆ ಅಲ್ಲಿಯೂ ರೂಢಿ. ಈಗ ಜೋಳದ ಮಾತಿಗೆ ಬರುತ್ತೇನೆ. ನಮ್ಮ ಓಣಿಯ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಇಲ್ಲಿಂದ ಹತ್ತು ಕಿಲೋ ಬೀಸಿಕೊಂಡು ಹೋಗಿದ್ದೆ. ಒಂದೂವರೆ ತಿಂಗಳಿಗೆ ಅದರ ಜಿಗಿ ಹೋಯಿತು. ಎಷ್ಟು ಕುದಿ ನೀರು ಹಾಕಿ ನಾದಿದರೂ ತಟ್ಟುವಾಗ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕಬೇಕೆನ್ನುವಾಗ ಎರಡು ತುಂಡು. ಮಳೆ ಹಿಡಿದ ಮೇಲಂತೂ ಉಳಿದ ಹಿಟ್ಟು ಗಂಟುಕಟ್ಟಿ ಹುಳ ಬಿತ್ತು. ಕಡಕ್ ರೊಟ್ಟಿ ಒಯ್ದರೆ ಸಾಕಲ್ಲ ಅಂತೀರಾ? ಆ ಹಸಿ ಹವೆಗೆ ಎರಡೇ ದಿನದಲ್ಲಿ ಮೆತ್ತಗಾಗಿ ಚರ್ಮದಂತಾಗುತ್ತದೆ. ಮುರಿದರೆ ಸಪ್ಪಳವೇ ಇಲ್ಲ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ಇಟ್ಟು, ತಿನ್ನುವ ಮುಂಚೆ ಹಂಚಿನ ಮೇಲೆ ಬಿಸಿ ಮಾಡಿಕೊಳ್ಳಿ. ಹಿಟ್ಟಿನ ಬದಲು ಕಾಳು ಒಯ್ಯಿರಿ, ಮಿಕ್ಸಿಯಲ್ಲಿ ಆಗಾಗ ಬೀಸಿಕೊಳ್ಳಿ. ತೀರಾ ನಯ ಬರುವುದಿಲ್ಲ, ಹಸಿವಿಗೆ ಅಡ್ಡಿಯಿಲ್ಲ.

ನಿಜ ಹೇಳಬೇಕೆಂದರೆ ರೊಟ್ಟಿಯ ದುಃಖ ನನ್ನೊಬ್ಬಳದೇ. ಓಣಿಯವರಿಗೆ ಹಿಡಿಸಿದ್ದು ತೊಗರಿಬೇಳೆ ಮತ್ತು ಶೇಂಗಾ ಹಿಂಡಿ. ಮೇಲಿನ ಮನೆಯ ತೆಲುಗು ಅಕ್ಕ ಟೆರೇಸಿನಲ್ಲಿ ಗೋಂಗೂರ ಬೆಳೆದಿದ್ದಳು. ನೋಡಿದರೆ ನಮ್ಮ ಪುಂಡಿಪಲ್ಯ! ಆಕೆಯದು ಸೊಪ್ಪು, ನನ್ನದು ಕಲಬುರಗಿ ಬೇಳೆ, ಕೆಳಗಿನ ಮನೆಯ ಮಲಯಾಳಿ ಅಮ್ಮನ ತೆಂಗಿನಕಾಯಿ, ಮೂರೂ ಸೇರಿ ಏನೋ ಒಂದು ಆಗುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ. ತರಕಾರಿಯನ್ನು ದರ ಕೇಳಿ ಹೌಹಾರದೆ ಕೊಳ್ಳುವುದನ್ನು ಕಲಿಯಿರಿ. ಈರುಳ್ಳಿ, ಆಲೂಗಡ್ಡೆ ಬರುವುದು ಹಡಗಿನಲ್ಲಿ. ಹಡಗು ತಡವಾಯಿತೆಂದರೆ ಅಂಗಡಿ ಬರಿದು. "ನಮ್ಮ ಕಲಬುರಗ್ಯಾಗ ಇಪ್ಪತ್ತು ರೂಪಾಯಿಗೆ ಕಿಲೋ" ಅನ್ನುವ ಮಾತು ಅಂಗಡಿಯವನಿಗೂ ಬೇಡ, ಹಿಂದೆ ನಿಂತವರಿಗೂ ಬೇಡ. ಕುಂಬಳ, ಬೆಂಡೆ, ಬದನೆ ಅಲ್ಲಿಯೇ ಬೆಳೆಯುತ್ತವೆ, ಅವುಗಳ ಮೇಲೆ ದಿನ ದೂಡಿ.

ಹಬ್ಬಕ್ಕೆ ಪಟ್ಟಿ ಎತ್ತಲು ಬಂದರೆ ಎಲ್ಲರಿಗೂ ಕೊಡಿ: ದುರ್ಗಾಪೂಜೆಗೂ, ಮುರುಗನ ಪಂಗುಣಿ ಉತ್ತಿರಕ್ಕೂ, ಕ್ರಿಸ್ಮಸ್ಸಿಗೂ. ಒಬ್ಬರಿಗೆ ಐದುನೂರು, ಇನ್ನೊಬ್ಬರಿಗೆ ಐವತ್ತು ಅಂತ ಮಾಡಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು.

ಡಿಸೆಂಬರ್ 26ರ ಮಾತು ಬೇರೆ. ನಮ್ಮ ಶಾಲೆಯ ಒಬ್ಬ ಸಹೋದ್ಯೋಗಿ ಕಾರ್ ನಿಕೋಬಾರಿನವಳು. ಕ್ರಿಸ್ಮಸ್ಸಿಗೆ ಮನೆತುಂಬ ಹಾಡಿದವಳು ಮರುದಿನ ಫೋನೇ ಎತ್ತಲಿಲ್ಲ. 2004ರ ಸುನಾಮಿ ಬಂದದ್ದು ಆ ದಿನ ಎಂದು ನನಗೆ ಹೊಳೆದದ್ದು ಸಂಜೆಗೆ. ಅವಳು ಐದು ವರ್ಷದಲ್ಲಿ ಒಂದೇ ಸಲ ಅದರ ಮಾತೆತ್ತಿದಳು, ಅದೂ ಪರೀಕ್ಷೆಯ ಪೇಪರ್ ತಿದ್ದುತ್ತ, ತಲೆ ಎತ್ತದೆ. ನಾನೂ ತಲೆ ಎತ್ತಲಿಲ್ಲ. ನೀವಾಗಿ ಕೇಳಬೇಡಿ. ಭೂಮಿ ನಡುಗುವುದು ಅಲ್ಲಿ ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ಅಕ್ಕಪಕ್ಕದವರು ಹೊರಗೆ ಓಡಿದರೆ ನಗದೆ ನೀವೂ ಓಡಿ.

ಊರಿಂದ ಬರುವ ನೆಂಟರನ್ನು ಸಂಭಾಳಿಸುವುದು ಎಲ್ಲಕ್ಕಿಂತ ಕಷ್ಟ. ನನ್ನ ಮೈದುನ ಬಂದಿಳಿದವನೇ "ವೈನಿ, ಜಾರವಾ ಮಂದಿ ನೋಡಲಕ್ಕ ಎಂದು ಹೋಗೋದ್ರಿ?" ಅಂದ. ಜಾರವಾ ಅಂದರೆ ಅಲ್ಲಿಯ ಕಾಡಿನ ಆದಿವಾಸಿಗಳು. ಅವರೇನು ಜಾತ್ರೆಯ ತೊಟ್ಟಿಲೇ? ಜಿರ್ಕಾಟಾಂಗಿನಿಂದ ಆಚೆಗಿನ ರಸ್ತೆ ಅವರ ಕಾಡಿನ ನಡುವೆ ಹೋಗುತ್ತದೆ. ವಾಹನಗಳನ್ನು ಸಾಲಾಗಿ, ಗೊತ್ತುಮಾಡಿದ ಹೊತ್ತಿಗೆ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಏನೂ ಕೊಡುವಂತಿಲ್ಲ. ಮೀರಿದರೆ ಜೈಲು. ಹೊರಗಿನವರಿಂದ ತಗಲುವ ಸಾಮಾನ್ಯ ರೋಗವೂ ಅವರ ಜೀವಕ್ಕೆ ಕುತ್ತು ಎಂದು ಅವನಿಗೆ ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. ಅದೇ ಮೈದುನ ಹೊರಡುವ ದಿನ ಬ್ಯಾಗಿನಲ್ಲಿ ಒಂದು ಹಿಡಿಯಷ್ಟು ಹವಳದ ತುಂಡು ಇಟ್ಟುಕೊಂಡಿದ್ದ, ದೇವರ ಮನೆಗೆ ಚಂದ ಅಂತ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಅವನನ್ನು ಬಿಟ್ಟರು. ಆದರೆ ಅಲ್ಲಿ ನಿಂತಿದ್ದವರಲ್ಲಿ ನನ್ನ ಒಬ್ಬ ವಿದ್ಯಾರ್ಥಿಯ ತಂದೆಯೂ ಇದ್ದರು, ಮರುದಿನ ಕ್ಲಾಸಿಗೆ ಹೋಗಲು ನನಗೆ ಕಾಲೇ ಏಳಲಿಲ್ಲ. ನೆಂಟರು ಮಾಡಿದ್ದು ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ. ಹೊರಡುವ ರಾತ್ರಿ ಅವರ ಬ್ಯಾಗು ನೀವೇ ನೋಡಿ, ಮುಲಾಜು ಬೇಡ.

ನೆಟ್ ಬಗ್ಗೆ ಕೇಳುತ್ತೀರಿ, ಗೊತ್ತು. 2020ರ ಆಗಸ್ಟ್ 10ಕ್ಕೆ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂತು, ಅದಕ್ಕೂ ಮುಂಚಿನ ಗೋಳು ನಿಮಗಿಲ್ಲ. ನನಗೆ ಮಾತ್ರ ಅದು ಬಾರದಿದ್ದ ದಿನಗಳೇ ಒಳ್ಳೆಯವಾದವು. ಫೋನಿನಲ್ಲಿ ಏನೂ ತೆರೆಯದೆ ಎಲ್ಲರೂ ಸಂಜೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆವು.

ಕೊನೆಯದಾಗಿ ನಿಮ್ಮ ಬ್ಯಾಗು. ರಜೆಗೆ ಬಂದು ವಾಪಸ್ ಹೋಗುವಾಗ ಅದನ್ನು ಪೂರ್ತಿ ತುಂಬಬೇಡಿ, ಎರಡು ಕಿಲೋ ಜಾಗ ಖಾಲಿ ಇರಲಿ. ಮೇನ್‌ಲ್ಯಾಂಡಿಗೆ ಯಾರು ಹೊರಟರೂ ಓಣಿಯವರು ಏನಾದರೂ ತರಲು ಹೇಳುತ್ತಾರೆ: ಒಬ್ಬರಿಗೆ ಮಿಕ್ಸಿಯ ಜಾರು, ಒಬ್ಬರಿಗೆ ಚಾಳೀಸು, ಇನ್ನೊಬ್ಬರ ಮಗನಿಗೆ ಪರೀಕ್ಷೆಯ ಪುಸ್ತಕ. ಮೊದಲ ರಜೆಯಲ್ಲಿ ನನಗೆ ಯಾರೂ ಏನೂ ಹೇಳಲಿಲ್ಲ. ಎರಡನೆಯ ರಜೆಗೆ ಹೊರಟಾಗ ಮಾಸಿ ಒಂದು ಹಳೆಯ ಬ್ಲೌಸು ಕೊಟ್ಟು, ಇದೇ ಅಳತೆಯದು ಎರಡು ಹೊಲಿಸಿಕೊಂಡು ಬಾ ಅಂದರು. ಸೂಪರ್ ಮಾರ್ಕೆಟ್ಟಿನ ನಮ್ಮ ಟೇಲರ್ ಹತ್ತಿರ ಹೊಲಿಸಿದೆ. ಕೈ ಸ್ವಲ್ಪ ಬಿಗಿಯಾಯಿತು, ಆದರೂ ಪೂಜೆಗೆ ಅದನ್ನೇ ಉಟ್ಟುಕೊಂಡರು.

ಅಫಜಲಪುರದ ಹುಡುಗಿ ಬರುವ ತಿಂಗಳು ಹೊರಡುತ್ತಾಳೆ. ಅವಳ ಕೈಯಲ್ಲಿ ಅರ್ಧ ಕಿಲೋ ಶೇಂಗಾ ಹಿಂಡಿ, ಒಂದು ಕಿಲೋ ಬೇಳೆ ಕಳಿಸುತ್ತಿದ್ದೇನೆ, ಮಾಸಿಯ ಮನೆಯ ಗುರುತು ಬರೆದುಕೊಟ್ಟಿದ್ದೇನೆ. ನನ್ನ ಕರಿಬೇವು ಈಗ ಅವರ ಅಂಗಳದಲ್ಲಿದೆ, ಹೋದ ಕೂಡಲೇ ಅದರ ಒಂದು ಸಸಿ ಕಿತ್ತುಕೊಡಲು ಕೇಳು ಎಂದಿದ್ದೇನೆ.